ಕೊನೆಗೆ ಉಳಿಯುವ ಇಬ್ಬರು

ಉಜಿತ್ಸೆ ಊರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಮುದುಕಿ ರಾದೊಯ್ಕಾ ಒಬ್ಬಳೇ ಬಸ್ಸಿಗೆ ಕಾಯುತ್ತಿದ್ದಳು. ಅದೇ ಬೆಂಚಿನಲ್ಲಿ ಅವಳದೇ ವಯಸ್ಸಿನ ಇಬ್ಬರು ಗೆಳತಿಯರು, ಲ್ಯುಬಿಂಕಾ ಮತ್ತು ವಿದೊಸಾವಾ, ಮಾತಾಡುತ್ತಿದ್ದರು. ಕೇಳಬಾರದು ಎಂದುಕೊಂಡರೂ ರಾದೊಯ್ಕಾಳ ಕಿವಿ ಅತ್ತಲೇ ಇತ್ತು.

“ಸಂಜೆ ನಿನ್ನ ಓದುಬಳಗ ಇದೆಯಲ್ವೇನೇ ಲ್ಯುಬಿಂಕಾ, ಆ ಕಂಪ್ಯೂಟರಿನಲ್ಲಿ ಮುಖ ನೋಡ್ಕೊಂಡು ಮಾತಾಡೋದು?”

“ಇವತ್ತೇ ಕಡೇದು ಕಣೇ. ಆ ಹಳೇ ದಪ್ಪ ಕಾದಂಬರಿ ಮುಗಿಯುತ್ತೆ. ಆಮೇಲೆ ಬೇಸಿಗೆ ಕಳೆಯೋವರೆಗೂ ಯಾರೂ ಸೇರಲ್ಲ.”

“ಮೊನ್ನೆ ನಾನು ಬಂದಾಗ, ಎಲ್ಲಾ ಮುಗಿದಿದ್ರೂ ಅದರ ಮುಂದೇ ಕೂತಿದ್ದೆಯಲ್ಲ?”

“ಬಂದವರು ಹೋಗೋ ಮುಂಚೆ ಬಾಗಿಲು ಹಾಕೋದು ಹೇಗೆ? ಗೇಟಿನವರೆಗೂ ಹೋಗಿ ಕಳಿಸಿಕೊಟ್ಟು ಅಭ್ಯಾಸ ನಂಗೆ. ಆದ್ರೆ ಬಳಗದವರೆಲ್ಲ ಹೋದ್ರೂ ನೀಶ್ ಊರಿನ ತಿಹೊಮಿರ್ ಅವರು ಹೋಗೋದೇ ಇಲ್ಲ.”

“ಅಯ್ಯೋ ಪೆದ್ದಿ! ಆತನಿಗೂ ಅದೇ ಅಭ್ಯಾಸ ಇರಬೇಕು. ನೀನು ಮೊದಲು ಹೋಗ್ಲಿ ಅಂತ ಕಾಯ್ತಿರ್ತಾನೆ. ಏನು ಮಾತಾಡ್ತೀರಿ?”

“ಏನೂ ಇಲ್ಲ. ಪುಸ್ತಕದ ಮಾತು ಮುಗಿದಿರುತ್ತಲ್ಲ. ಅವರ ಹಿಂದೆ ಗೋಡೆ ಮೇಲೆ ಒಂದೇ ಒಂದು ಕೋಟು ನೇತಾಡ್ತಿರುತ್ತೆ. ಒಬ್ಬರೇ ಇರೋ ಹಾಗೆ ಕಾಣುತ್ತೆ.”

“ಊಟ ಆಯ್ತಾ ಅಂತಾದ್ರೂ ಕೇಳೇ!”

“ಆಗಿಲ್ಲ ಅಂದ್ರೆ?”

“ನಿನ್ನ ತಟ್ಟೆ ತಂದು ಕಂಪ್ಯೂಟರಿನ ಎದುರಿಗಿಟ್ಕೋ, ಆತನೂ ತನ್ನದು ತರ್ಲಿ. ಇಬ್ಬರೂ ಕೂತು ಉಣ್ಣಿ.”

ಅವರ ಬಸ್ಸು ಬಂತು. ಹತ್ತುವಾಗ ಲ್ಯುಬಿಂಕಾ ಮೆಲ್ಲಗೆ, “ಕೇಳ್ತೀನಿ” ಎಂದಳು. ಕಿಟಕಿಯ ಬಳಿ ಕೂತವಳು, ಬೆಂಚಿನಲ್ಲಿ ಉಳಿದಿದ್ದ ರಾದೊಯ್ಕಾಳಿಗೂ ಕೈಬೀಸಿದಳು.

ರಾದೊಯ್ಕಾ ಎದ್ದು ನಿಂತು ಕೈ ಎತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅದನ್ನು ಇಳಿಸಲಿಲ್ಲ.