ಗುಂಡಿಯ ಪಾಳಿ

"ನಿಮ್ಮಣ್ಣಂಗೆ ಗಾಡಿ ಓಡಿಸೋಕೆ ಬರ್ತಿರಲಿಲ್ಲ ಅಂದ್ರೆ ಅದಕ್ಕೂ ನಾನೇ ಹೊಣೆನಾ? ಕಣ್ಣು ನೆತ್ತಿ ಮೇಲಿಟ್ಕೊಂಡು ಹೋದ, ಬಿದ್ದ, ಸತ್ತ. ಮನೇಲಿ ನೆಟ್ಟಗೆ ಬುದ್ಧಿ ಹೇಳೋರು ಇರಲಿಲ್ಲ ಅನ್ಸುತ್ತೆ."

ಪಂಕ್ಚರ್ ಅಂಗಡಿಯ ತಗಡಿನ ಕೆಳಗೆ ಮಳೆಗೆ ನಿಂತಿದ್ದ ಅಷ್ಟೂ ಜನರ ಮುಂದೆ ಮೇಸ್ತ್ರಿ ಹೀಗಂದ. ಪೈಪಿಗೆ ಅಂತ ರಸ್ತೆ ಅಗೆಸುವವನು ಅವನೇ. ಅಗೆದದ್ದರ ಮೇಲೆ ನಾಲ್ಕು ಬುಟ್ಟಿ ಮಣ್ಣು ಸುರಿಸಿ, ಮುಚ್ಚಿದ್ದಾಯಿತು ಅಂತ ಕೈತೊಳೆದುಕೊಳ್ಳುವವನೂ ಅವನೇ. ಮಿಲ್ಲಿನ ಗೋಡೆಯ ಪಕ್ಕದ ಇಳಿಜಾರು ಮುಗಿದು ರಸ್ತೆ ರೈಲ್ವೆ ಸೇತುವೆಯ ಅಡಿಗೆ ನುಗ್ಗುವ ಜಾಗದಲ್ಲಿ ಅವನ ಆಳುಗಳು ಅಡ್ಡಕ್ಕೆ ಕೊಯ್ದು ಬಿಟ್ಟಿದ್ದರು. ಮಳೆಗಾಲ ಶುರುವಾದ ವಾರವೇ ಅದು ಕುಸಿದು ನಮ್ಮಣ್ಣನ ಬೈಕಿನ ಮುಂದಿನ ಚಕ್ರವನ್ನು ನುಂಗಿತು. ಆ ಗುಂಡಿಯನ್ನು ಯಾವಾಗ ಮುಚ್ಚಿಸುತ್ತೀರಿ ಅಂತ ಕೇಳಿದೆ ನೋಡಿ, ಅದಕ್ಕೆ ಬಂದ ಉತ್ತರ ಇದು.

ನಾನು ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಬಂದವನು. ಮಾತು ಹುಡುಕುವಷ್ಟರಲ್ಲಿ ಕೈ ಮುಂದೆ ಹೋಗುತ್ತದೆ. ಅವನ ಕೊರಳಪಟ್ಟಿಗೆ ಹೋಗುತ್ತಿದ್ದ ಕೈಯನ್ನು ಪಂಕ್ಚರ್ ಅಜ್ಜ ಹಿಡಿದುಕೊಂಡ. ಗ್ರೀಸು ಮೆತ್ತಿದ ಒಣಕಲು ಕೈ, ಆದರೂ ಬಿಡಿಸಿಕೊಳ್ಳಲಾಗಲಿಲ್ಲ.

"ನಿಮ್ಮ ಕಾರೆಲ್ಲಿ ಸ್ವಾಮಿ?" ಅಂತ ಮೂಲೆಯಲ್ಲಿದ್ದ ನರ್ಸಮ್ಮ ಮೇಸ್ತ್ರಿಯನ್ನು ಕೇಳಿದಳು. ಸಂಜೆ ಡ್ಯೂಟಿಗೆ ಹೊರಟು ಸಿಕ್ಕಿಹಾಕಿಕೊಂಡಿದ್ದಳು.

"ಗ್ಯಾರೇಜಲ್ಲಿದೆ. ಅಳಿಯನ ಬೈಕು ತಂದೆ, ದಾರೀಲಿ ಮೊಳೆ ಚುಚ್ಕೊಳ್ತು."

"ನಿಮ್ಮ ರಸ್ತೆದೇ ಮೊಳೆ ಇರ್ಬೇಕು. ಗುರುತು ಹಿಡ್ಕೊಂಡು ಬಂದಿದೆ."

ಮಿಲ್ಲಿನ ಇಬ್ಬರು ಕೆಲಸಗಾರರು ನಕ್ಕರು. ಅಜ್ಜ ನಗಲಿಲ್ಲ. ಟ್ಯೂಬಿಗೆ ಸೊಲ್ಯೂಷನ್ ಸವರಿ, ಬಲ್ಬಿನ ಬೆಳಕಿಗೆ ಹಿಡಿದು ಊದಿದ. "ಇದು ಒಣಗಬೇಕು. ಅಲ್ಲೀ ತನಕ ಒಂದು ವಿಷಯ ಹೇಳ್ತೀನಿ, ಕೂತ್ಕೊಳ್ಳಿ" ಅಂದ. ಹೊರಗೆ ಮಳೆ ಬಕೆಟ್ಟಿನಲ್ಲಿ ಸುರಿದ ಹಾಗೆ. ಎದ್ದು ಹೋಗುವುದಾದರೂ ಎಲ್ಲಿಗೆ? ಟೈರುಗಳ ಮೇಲೆ ಕೂತೆವು.

"ಕೇಳ್ರಪ್ಪ... ಆ ಸೇತುವೆ ಕೆಳಗಿನ ಗುಂಡಿ ಇವತ್ತಿನದಲ್ಲ. ಇವರಿಗಿಂತ ಮುಂಚೆ ಇನ್ನೊಬ್ಬ ಮೇಸ್ತ್ರಿ ಇದ್ದ, ಅವನೂ ಅಲ್ಲೇ ಅಗೆದ, ಅಲ್ಲೇ ಮುಚ್ಚಿದ, ಮಳೆ ಬಂತು, ಮಣ್ಣು ಕೊಚ್ಕೊಂಡು ಹೋಯ್ತು, ಟಾರಿನ ಅಂಚು ಕತ್ತಿ ಹಾಗೆ ಎದ್ದು ನಿಂತ್ಕೊಳ್ತು, ಅದರ ಮೇಲೆ ನೀರು ತುಂಬಿದ್ರೆ ರಸ್ತೆ ಯಾವುದು ಗುಂಡಿ ಯಾವುದು, ಯಾವನು ಹೇಳ್ತಾನೆ? ಕಾರಿನೋರಿಗೆ ಅದು ಬರೀ ಒಂದು ದಡಕ್. ಒಂದು ಚಕ್ರ ಇಳಿದ್ರೆ ಮಿಕ್ಕಿದ್ದು ಹಿಡ್ಕೊಳ್ಳುತ್ತೆ. ಬೈಕಿಗೆ ಹಿಡ್ಕೊಳ್ಳೋಕೆ ಯಾರಿದ್ದಾರೆ?...

"ಮೊದಲು ಬಿದ್ದೋನು ಒಬ್ಬ ದರ್ಜಿ. ಹೊಲಿದ ಬಟ್ಟೆ ಗಂಟು ಟ್ಯಾಂಕಿನ ಮೇಲಿಟ್ಕೊಂಡು ಹೊರಟಿದ್ದ, ಪಾಪ, ಗಂಟು ಒಂದು ಕಡೆ, ಅವನೊಂದು ಕಡೆ. ಅವನು ಹೋದ್ಮೇಲೆ, ಯಾರೋ ಪುಣ್ಯಾತ್ಮರು ಗುಂಡಿಗೆ ಕೊಂಬೆ ಸಿಕ್ಕಿಸಿದ್ದಾರೆ ಅಂತ ಜನ ಮಾತಾಡ್ಕೊಂಡ್ರು. ನಾವೆಲ್ಲ ಮಾಡೋದೇ ಅಲ್ವಾ ಅದು? ಬಿದ್ದ ಮೇಲೆ ಕೊಂಬೆ ಸಿಕ್ಕಿಸೋದು... ಮಳೇಲಿ ಹೆಲ್ಮೆಟ್ ಗಾಜಿನ ಮೇಲೆ ನೀರಿಳೀತಿರುತ್ತೆ, ದೂರದಿಂದ ನೀರಿನ ಮಧ್ಯೆ ಏನೋ ನೆಟ್ಟಗೆ ನಿಂತಿರೋದು ಕಾಣುತ್ತೆ, ಗಾಡಿ ಪಕ್ಕಕ್ಕೆ ತಗೊಳ್ತೀರಿ, ಬಚಾವಾಗ್ತೀರಿ. ಆದ್ರೆ ದಾಟೋವಾಗ ಓರೆಗಣ್ಣಲ್ಲಿ ನೋಡಿದೋರು ಮನೆಗೆ ಹೋಗಿ ಊಟ ಮಾಡಲಿಲ್ಲ. ಕೊಂಬೆ ತುದೀಲಿ ಉಗುರು ಇರುತ್ತಾ? ಒಂದು ಬೆರಳಿಗೆ ದರ್ಜಿಗಳು ಹಾಕೋ ತಗಡಿನ ಟೋಪಿ ಇರುತ್ತಾ?...

"ನಿಂತಿದ್ದ ಅವನು. ಆ ತಣ್ಣೀರಲ್ಲಿ ಮುಳುಗಿ, ಬರೋರಿಗೆಲ್ಲ 'ಪಕ್ಕಕ್ಕೆ ಹೋಗಿ, ಪಕ್ಕಕ್ಕೆ ಹೋಗಿ' ಅಂತ ಕೈ ಎತ್ಕೊಂಡು. ಎಷ್ಟು ಅಂತ ಎತ್ಕೊಂಡಿರ್ತಾನೆ? ನೀವೊಂದು ಗಳಿಗೆ ಹಾಗೆ ನಿಂತು ನೋಡಿ, ಭುಜ ಕಿತ್ತು ಬರುತ್ತೆ. ಒಂದು ಸಂಜೆ ಇಳಿಸಿಬಿಟ್ಟ... ಅದೇ ಸಂಜೆ ಸ್ಕೂಟರಿನ ಟೀಚರಮ್ಮ ಹೋದ್ಲು. ಮುಂದಿನ ಮಳೆಗೆ ನೀರಿನ ಮೇಲೆ ಬಳೆ ಹಾಕಿದ ಕೈ. ಮಿಲ್ಲಲ್ಲಿ ಪಾಳಿ ಬದಲಾಗಲ್ವಾ, ಹಾಗೆ. ಇನ್ನೊಬ್ಬರು ಬಂದ್ರೇನೇ ಇದ್ದೋರಿಗೆ ಬಿಡುಗಡೆ."

ಮಿಲ್ಲಿನವರಲ್ಲಿ ಒಬ್ಬ ಟೈರಿನ ಮೇಲಿಂದ ಮುಂದಕ್ಕೆ ಬಾಗಿದ. "ಈಗ... ಯಾರದಜ್ಜ ಪಾಳಿ?"

ಅಜ್ಜ ಪ್ಯಾಚ್ ಅಂಟಿಸಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದ.

"ಈಗಿನ ಕೈಗೆ ರೇನ್‌ಕೋಟಿನ ತೋಳಿದೆ. ನೀರು ಒಳಗಿಳೀದಿರಲಿ ಅಂತ ಮಣಿಕಟ್ಟಿಗೆ ಟ್ಯೂಬಿನ ರಬ್ಬರ್ ಹಾಕಿದೆ. ಆ ರಬ್ಬರ್ ಕತ್ತರಿಸಿ ಕೊಟ್ಟಿದ್ದು ನಾನೇ."

ನನ್ನ ಕಡೆ ಯಾರೂ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವರು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು. ನಾನು ಇದನ್ನು ಅಮ್ಮನಿಗೂ ಹೇಳಿರಲಿಲ್ಲ. ಕೊರಿಯರ್ ಚೀಲ ಬೆನ್ನಿಗೇರಿಸಿಕೊಂಡು ದಿನವೂ ಸೇತುವೆಯ ಕೆಳಗೆ ಹೋಗಿ ನಿಲ್ಲುತ್ತಿದ್ದೆ. 'ಸಾಕು ಕಣೋ ಅಣ್ಣ, ಕೈ ಇಳಿಸೋ, ಯಾವನಾದರೂ ಬೀಳಲಿ ಬಿಡೋ' ಅಂತ ಬೈದಿದ್ದೆ, ಅತ್ತಿದ್ದೆ. ಅವನು ಇಳಿಸಿರಲಿಲ್ಲ. ಬದುಕಿದ್ದಾಗಲೂ ಅಷ್ಟೇ, ಯಾರ ಮಾತೂ ಕೇಳುತ್ತಿರಲಿಲ್ಲ.

"ಈ ಮಳೆಗಾಲ ಅಲ್ಲಿ ಇನ್ನೊಬ್ಬರು ಬಿದ್ದಿಲ್ಲ, ಗಮನಿಸಿದ್ರಾ?" ಅಜ್ಜ ಟ್ಯೂಬನ್ನು ಟೈರಿನೊಳಗೆ ತುರುಕುತ್ತ ಹೇಳಿದ. "ಗಟ್ಟಿ ಹುಡುಗ. ಆದ್ರೂ ಎಷ್ಟು ಅಂತ?... ಮೊದಮೊದಲು ಮೊಣಕೈ ತನಕ ಕಾಣ್ತಿತ್ತು. ಆಮೇಲೆ ಅಂಗೈ. ನಿನ್ನೆ ನಾನು ದಾಟಿದಾಗ ಬೆರಳ ತುದಿ ಮಾತ್ರ, ಅದೂ ನಡುಗ್ತಿತ್ತು. ಅಲ್ಲಿ ಕೈ ಕಂಡ್ರೆ ಹೆದರಬೇಡಿ ಕಣ್ರಪ್ಪ... ಕಾಣದೆ ಇದ್ರೆ ಹೆದರಿ."

ಮೇಸ್ತ್ರಿ ಜೋರಾಗಿ ನಕ್ಕ. "ಮುದುಕಂಗೆ ಅರಳುಮರಳು!" ಜೊತೆಗೆ ನಗುವವರು ಯಾರೂ ಇರಲಿಲ್ಲ. ಅವನ ನಗು ತಗಡಿಗೆ ತಾಗಿ ಅಲ್ಲೇ ಬಿತ್ತು.

ಗಾಳಿ ತುಂಬಿದ್ದಾಯಿತು. ಮಳೆ ಸ್ವಲ್ಪ ಸಡಿಲಿತು. ಮೇಸ್ತ್ರಿ ಬೈಕು ಹತ್ತಿ ಸ್ಟಾರ್ಟ್ ಮಾಡಿದ, ಆಫ್ ಮಾಡಿದ. ರೂಢಿ ತಪ್ಪಿದ ಸವಾರಿ.

"ಮನೆಗೆ ಸೇತುವೆ ದಾರಿ ಬಿಟ್ಟು ಬಸ್ ಸ್ಟ್ಯಾಂಡ್ ಕಡೆಯಿಂದ ಹೋದ್ರೆ..."

"ಅದನ್ನ ಮೊನ್ನೆ ತಾನೇ ನೀವೇ ಅಗೆಸಿ ಬಿಟ್ಟಿದ್ದೀರಲ್ಲ ಸ್ವಾಮಿ" ಅಂದಳು ನರ್ಸಮ್ಮ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮೇಸ್ತ್ರಿ ಅಜ್ಜನ ಕಡೆ ತಿರುಗಿದ. "ಆ ಗುಂಡಿ... ಯಾವ ಕಡೆ ಬರುತ್ತೆ?"

"ಅಗೆಸಿದೋರು ನೀವು. ನನ್ನ ಕೇಳ್ತೀರಾ?" ಅಜ್ಜ ಕೈ ಒರೆಸಿಕೊಂಡ. "ಅವನನ್ನ ಕೇಳಿ. ದಿನಾ ಹೋಗಿ ನೋಡಿ ಬರ್ತಾನೆ."

ಮೇಸ್ತ್ರಿ ನನ್ನನ್ನು ನೋಡಿದ. ಅರ್ಧ ಗಂಟೆಯ ಹಿಂದೆ ನೋಡಿದ ಕಣ್ಣು ಅದಲ್ಲ.

"ತಮ್ಮಾ... ಮನೇಲಿ ಮಗಳು ಬಾಣಂತಿ ಇದ್ದಾಳಪ್ಪ. ಎಡಕ್ಕೆ ಹೋಗ್ಲಾ, ಬಲಕ್ಕೆ ಹೋಗ್ಲಾ?"

ಎಡಕ್ಕೆ. ಗೋಡೆಗೆ ಒತ್ತಿ ಹೋದರೆ ಒಂದು ಬೈಕಿನಷ್ಟು ಅಗಲಕ್ಕೆ ನೆಲ ಗಟ್ಟಿಯಿದೆ. ನನ್ನ ಅಂಗೈ ನನಗೆ ಎಷ್ಟು ಗೊತ್ತೋ ಅಷ್ಟು ಗೊತ್ತು ಆ ಜಾಗ. ಒಂದೇ ಒಂದು ಮಾತು, ನಾಲಿಗೆಯ ಮೇಲೇ ಇತ್ತು. ನರ್ಸಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಅಣ್ಣನ ಭುಜ ಈಗ ಎಷ್ಟು ನೋಯುತ್ತಿರಬಹುದು ಅಂತ ನೆನೆದೆ.

ಚೀಲ ಬೆನ್ನಿಗೇರಿಸಿ, ಹೆಲ್ಮೆಟ್ ಹಾಕಿ, ಗಾಜು ಇಳಿಸಿದೆ. "ಏ ತಮ್ಮಾ, ನಿನ್ನನ್ನೇ ಕೇಳಿದ್ದು" ಅಂತ ಮೇಸ್ತ್ರಿ ಕೂಗಿದ. ನಾನು ಗಾಡಿ ತಳ್ಳಿಕೊಂಡು ಮಳೆಗೆ ಇಳಿದು ನಡೆದೆ.