ಬೈಗುಳ ನಿಂತದ್ದರಿಂದ ಆದ ಅನಾಹುತ

ಹೆಸರು: ಕಾಗದಪತ್ರದಲ್ಲಿ ಬೇರೆ ಇದೆ, ಬೀದಿಯಲ್ಲಿ ಬೀರು ಮೇಸ್ತ್ರಿ ಎಂದರೆ ಮಾತ್ರ ತಿರುಗಿ ನೋಡುತ್ತೇನೆ.
ವಯಸ್ಸು: ಐವತ್ತೊಂದು.
ಉದ್ಯೋಗ: ಮನೆ ಸಾಮಾನು ಇಳಿಸುವುದು, ಏರಿಸುವುದು. ಗಾಡಿ ಒಂದು, ಹಗ್ಗ ನಾಲ್ಕು, ಆಳು ಒಬ್ಬ, ಅವನೂ ಹೆಂಡತಿಯ ತಮ್ಮ.
ವಾಸ: ಹಳೆ ಟೈರ್ ಅಂಗಡಿಯ ಹಿಂದಿನ ಓಣಿ, ಕೊನೆಯ ಮನೆ.

ಮೇಲ್ಕಂಡ ನಾನು ಈ ದಿನ ಸಂಜೆ ನಾಲ್ಕು ಗಂಟೆಗೆ ಯಾರೂ ಕರೆಯದೆ ಠಾಣೆಗೆ ಬಂದು, ಕೇಳಿದ್ದಕ್ಕೂ ಕೇಳದ್ದಕ್ಕೂ ಸೇರಿಸಿ ತಿಳಿಸುವುದೇನೆಂದರೆ:

ನನ್ನ ಬಾಮೈದ ಬೆಳಿಗ್ಗೆ ಹನ್ನೊಂದು ಗಂಟೆಯಿಂದ ಕಾಣೆಯಾಗಿದ್ದಾನೆ. ನಾನು ಸತ್ತಿದ್ದೇನೆ, ಕೊಂದವನು ತಾನೇ ಎಂದು ಅವನು ತಿಳಿದುಕೊಂಡಿದ್ದಾನೆ. ಎರಡೂ ಸುಳ್ಳು. ಮೊದಲನೆಯದಕ್ಕೆ ನಾನೇ ಸಾಕ್ಷಿ. ಎರಡನೆಯದು ಸುಳ್ಳೆಂದು ಅವನಿಗೆ ತಿಳಿಸುವವರು ಸದ್ಯಕ್ಕೆ ಯಾರೂ ಇಲ್ಲ.

ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಮೂರನೇ ಮಹಡಿಯ ಫೋಟೋ ಸ್ಟುಡಿಯೋದವರ ಮನೆ ಖಾಲಿ ಮಾಡಿಸಲು ಹೋದೆವು. ಕುರ್ಚಿ, ಮಂಚ, ಪೆಟ್ಟಿಗೆ ಎಲ್ಲ ಲಿಫ್ಟಿನಲ್ಲಿ ಇಳಿದವು. ಆಳೆತ್ತರದ ಕನ್ನಡಿಯಿದ್ದ ಮರದ ಬೀರು ಮಾತ್ರ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೆಟ್ಟಿಲ ಮೇಲೆ ಇಳಿಸಬೇಕಾಯಿತು. ನಾನು ಮೇಲೆ ಹಗ್ಗ ಹಿಡಿದಿದ್ದೆ. ಅವನು ಕೆಳಗೆ ಭುಜ ಕೊಟ್ಟಿದ್ದ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ಯಾರ ತಲೆಗೂ ಹೋಗುವುದಿಲ್ಲ. ಕೆಳಗಿರುವವನ ಮುಖ ಮರಕ್ಕೆ ಅಂಟಿರುತ್ತದೆ, ಅವನಿಗೆ ಏನೂ ಕಾಣುವುದಿಲ್ಲ. ಮೇಲಿರುವವನು ಬೈಯುತ್ತಲೇ ಇರಬೇಕು. ನೇರ ಮೆಟ್ಟಿಲಿಗೆ ಪ್ರಾಣಿಗಳು ಸಾಕು: ಕತ್ತೆ, ಎಮ್ಮೆ, ಕೋಣ. ತಿರುವು ಬಂದರೆ ವಂಶಕ್ಕೆ ಹೋಗಬೇಕು. ನೆಲ ಹತ್ತಿರ ಬಂದಾಗ ಹೆಣದ ಮಾತು ಎತ್ತಬೇಕು. ಅವನ ವಂಶ ಎಂದರೆ ನನ್ನ ಮಾವನದೇ ವಂಶ, ಆದ್ದರಿಂದ ತಿರುವುಗಳಲ್ಲಿ ನನಗೆ ಉತ್ಸಾಹ ಸ್ವಲ್ಪ ಹೆಚ್ಚು ಎಂಬುದನ್ನು ಮುಚ್ಚಿಡುವುದಿಲ್ಲ. ಕೈ ಜಾರುತ್ತಿರುವ ಮನುಷ್ಯ ಉಸಿರು ಬಿಗಿ ಹಿಡಿಯುತ್ತಾನೆ, ಅವನಿಂದ ಬೈಯಲು ಆಗುವುದಿಲ್ಲ. ಆದ್ದರಿಂದ ಬೈಗುಳ ನಿಂತಿತೆಂದರೆ ಹಗ್ಗ ಕೈಬಿಟ್ಟಿತು ಎಂದು ಲೆಕ್ಕ. ಕೆಳಗಿನವನು ಭುಜ ತೆಗೆದು ಪಕ್ಕಕ್ಕೆ ಹಾರಬೇಕು. ಇದನ್ನು ಅವನಿಗೆ ಕಲಿಸಿದವನು ನಾನೇ.

ಎರಡನೇ ಮಹಡಿಯ ತಿರುವಿಗೆ ಸರಿಯಾಗಿ ನಿವೃತ್ತ ಹೆಡ್‌ಮಿಸ್ಸಮ್ಮನವರ ಬಾಗಿಲಿದೆ. ಅಲ್ಲಿ ನಾನು, ನಿಮ್ಮಪ್ಪ ಹೆತ್ತದ್ದು ಮಗನನ್ನೋ ಮರದ ಕೊರಡನ್ನೋ, ಏಳು ತಲೆಮಾರಿನಲ್ಲಿ ಒಬ್ಬನಿಗಾದರೂ ಬೆನ್ನುಮೂಳೆ ಇತ್ತೇನೋ ಎಂದು ಕೇಳಿದ್ದು ನಿಜ. ಅವರು ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, "ಏನ್ರೀ ಇದು, ಮನುಷ್ಯರು ಆಡೋ ಮಾತಾ? ಆ ಬಡಪಾಯಿ ಏನು ತಪ್ಪು ಮಾಡಿದಾನೆ?" ಎಂದರು. ನಾನು ಹಗ್ಗ ಬಿಡುವ ಹಾಗಿರಲಿಲ್ಲ. "ಅಮ್ಮಾ, ಒಳಗೆ ಹೋಗಿ. ಮೊದಲು ಇವನ ಹೆಣ ಕೆಳಗೆ ಹಾಕಿ ಬರ್ತೀನಿ, ಆಮೇಲೆ ಮಾತಾಡೋಣ" ಎಂದೆ. ಕೆಳಗಿನಿಂದ ಬಾಮೈದ ಕೂಡ, "ಹೌದಮ್ಮಾ, ಇನ್ನು ಎರಡೇ ನಿಮಿಷ" ಎಂದು ಧೈರ್ಯ ಹೇಳಿದ. ಅವರು ಬಾಗಿಲು ಹಾಕಿ ಠಾಣೆಗೆ ಫೋನ್ ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆ.

ತಿರುವಿನಲ್ಲಿ ಬೀರು ಒಂದು ಕಡೆ ಕಚ್ಚಿಕೊಂಡು ನಿಂತಿತು. ಕಾಲು ಗಂಟೆ ಒದ್ದಾಡಿದೆವು. ಅಷ್ಟರಲ್ಲಿ ಪಕ್ಕದ ರಸ್ತೆಯಲ್ಲಿದ್ದ ಪೇದೆಯವರು ಬಂದರು. ಮೆಟ್ಟಿಲು ಬೀರುವಿನಿಂದ ಕಟ್ಟಿಹೋಗಿದ್ದರಿಂದ ಅವರು ಲಿಫ್ಟಿನಲ್ಲಿ ಮೇಲೆ ಹೋಗಿ ನನ್ನ ಬೆನ್ನ ಹಿಂದಿನಿಂದ ಇಳಿದು ಬಂದರು. ಬಂದವರೇ, "ಏಯ್! ಮುಚ್ಚೋ ಬಾಯಿ!" ಎಂದರು.

ನಾನು ಮುಚ್ಚಿದೆ. ಖಾಕಿ ಹೇಳಿದರೆ ನನ್ನ ಬಾಯಿ ನನ್ನನ್ನು ಕೇಳದೆಯೇ ಮುಚ್ಚಿಕೊಳ್ಳುತ್ತದೆ.

ಎಣಿಸಿದರೆ ಮೂರು ಉಸಿರು ಮೌನ. ಕೆಳಗಿನಿಂದ ಭುಜ ಹೋದದ್ದು ನನ್ನ ಅಂಗೈಗೆ ಗೊತ್ತಾಯಿತು. ಹಗ್ಗ ಚರ್ಮ ಕಿತ್ತುಕೊಂಡು ಹೋಯಿತು. ಬೀರು ಜಾರಿ ತಿರುವಿನ ಗೋಡೆಗೆ ಗುದ್ದಿತು, ಕನ್ನಡಿ ಪುಡಿಯಾಯಿತು. ನಾನು ಎದೆ ಕೆಳಗಾಗಿ ಮೆಟ್ಟಿಲ ಮೇಲೆ ಬಿದ್ದೆ. ಅವನು ಕೆಳಗಿನ ಮೆಟ್ಟಿಲುಗಳಿಗೆ ಹಾರಿಕೊಂಡಿದ್ದ, ಪೆಟ್ಟಾಗಿರಲಿಲ್ಲ. ನಡುವೆ ಬೀರು ಅಡ್ಡ ಇದ್ದುದರಿಂದ ನನ್ನನ್ನು ಅವನಿಗೆ ನೋಡಲಾಗಲಿಲ್ಲ. "ಭಾವಾ!" ಎಂದು ಕೂಗಿದ. ಮತ್ತೊಮ್ಮೆ ಕೂಗಿದ.

ಆಗ ಉತ್ತರ ಕೊಟ್ಟದ್ದೇ ಕೆಟ್ಟದ್ದಾಯಿತು. ಒಂದು ಕಡೆ ಪೇದೆಯವರು, ಇನ್ನೊಂದು ಕಡೆ ಮತ್ತೆ ಬಾಗಿಲು ತೆರೆದಿದ್ದ ಹೆಡ್‌ಮಿಸ್ಸಮ್ಮ. ಎದೆಯಲ್ಲಿ ಉಸಿರೂ ಇರಲಿಲ್ಲ. ದೊಡ್ಡವರ ಮುಂದೆ ಮರ್ಯಾದೆಯಾಗಿರಲಿ ಎಂದು ಮೆಲ್ಲಗೆ, "ಇದೀನಪ್ಪಾ. ಏನೂ ಆಗಿಲ್ಲಪ್ಪಾ. ನೀನು ಚೆನ್ನಾಗಿರಪ್ಪಾ" ಎಂದೆ. ಜೊತೆಗೆ ದುಡಿದ ಹನ್ನೊಂದು ವರ್ಷದಲ್ಲಿ ಅವನನ್ನು ನಾನು ಅಪ್ಪಾ ಎಂದದ್ದು ಅದೇ ಮೊದಲು. ಸಾಯುವವನಲ್ಲದೆ ಇನ್ಯಾರು ಹಾಗೆ ಮಾತಾಡುತ್ತಾರೆ? ತಾನು ಭುಜ ತೆಗೆದದ್ದಕ್ಕೇ ನಾನು ಹೋದೆ ಎಂದು ಅವನು ಲೆಕ್ಕ ಹಾಕಿರಬೇಕು. ಕೆಳಗೆ ಓಡುವ ಹೆಜ್ಜೆ ಸದ್ದು ಕೇಳಿಸಿತು. ಪೇದೆಯವರು, "ನೋಡಿದ್ಯಾ, ತಪ್ಪಿತಸ್ಥ ಓಡ್ತಿದಾನೆ" ಎಂದರು. ಅವನು ಹೊಡೆಸಿಕೊಂಡವನೋ ಹೊಡೆದವನೋ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಅರ್ಧ ಗಂಟೆ ಹೋಯಿತು.

ಅವನ ಮೊಬೈಲು ನನ್ನ ಜೇಬಿನಲ್ಲೇ ಇತ್ತು. ಚಪ್ಪಲಿ ಗಾಡಿಯಲ್ಲೇ ಇತ್ತು. ಕಟ್ಟಡದ ಎದುರಿನ ಪಂಕ್ಚರ್ ಅಂಗಡಿಯವನನ್ನು ಕೇಳಿದ್ದಕ್ಕೆ, ಬರಿಗಾಲಲ್ಲಿ ಕಾಲುವೆ ಕಡೆ ಹೋದ, ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದ ಎಂದ. ಕಾಲುವೆ ದಂಡೆಯಲ್ಲಿ ಎರಡು ಸಲ ಮೇಲಕ್ಕೂ ಕೆಳಕ್ಕೂ ನಡೆದೆ, ಸಿಗಲಿಲ್ಲ. ಮನೆಗೆ ಹೋದೆ. ಹೆಂಡತಿ ನನ್ನ ಹಿಂದೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. "ಅವನೆಲ್ಲಿ?" ಎಂದಳು. ಹೇಳಿದೆ. "ಕರ್ಕೊಂಡು ಬಾ. ಇಲ್ಲಾಂದ್ರೆ ನೀನೂ ಬರಬೇಡ" ಎಂದು ಅಂಗೈಗೆ ಬಟ್ಟೆ ಸುತ್ತಿ ಕಳಿಸಿದಳು.

ಅವನ ಸ್ವಭಾವದ ಬಗ್ಗೆ: ಮೂವತ್ತನಾಲ್ಕು ವರ್ಷ, ಬಾಗಿಲಿನಷ್ಟು ಅಗಲ, ಮನಸ್ಸು ಮಾತ್ರ ಹಪ್ಪಳ. ಒಮ್ಮೆ ಗಾಡಿಯ ಚಕ್ರ ಯಾರದೋ ಬೆಕ್ಕಿನ ಬಾಲದ ಮೇಲೆ ಹೋದದ್ದಕ್ಕೆ ಎರಡು ದಿನ ಅನ್ನ ಮುಟ್ಟಲಿಲ್ಲ. ಬೆಕ್ಕಿಗೇ ಹಾಗಾದರೆ ಭಾವನಿಗೆ ಏನು ಮಾಡಿಕೊಂಡಾನು ಎಂಬ ಲೆಕ್ಕ ನಾನು ಬೇಕೆಂದೇ ಹಾಕುತ್ತಿಲ್ಲ.

ಠಾಣೆಯಿಂದ ಇಬ್ಬರು ಆಗಲೇ ಕಾಲುವೆಗೆ ಹೋಗಿ, "ಸ್ವಾಮೀ, ಹೆದರಬೇಡಿ, ದಯವಿಟ್ಟು ಬನ್ನಿ" ಎಂದು ಕೂಗುತ್ತಿದ್ದಾರೆಂದು ತಿಳಿಯಿತು. ಅವರ ಒಳ್ಳೆಯತನಕ್ಕೆ ಕೈ ಮುಗಿಯುತ್ತೇನೆ. ಆದರೆ ತಕ್ಷಣ ನಿಲ್ಲಿಸಬೇಕು. ಆ ಮರ್ಯಾದೆ ಕೇಳಿಸಿದಷ್ಟೂ ಅವನು ಬಚ್ಚಿಟ್ಟುಕೊಳ್ಳುತ್ತಾನೆ. ಜೀಪಿನ ಮೈಕು ನನ್ನ ಕೈಗೆ ಕೊಡಬೇಕು.

ಹೆಡ್‌ಮಿಸ್ಸಮ್ಮನವರ ಮೇಲಾಗಲಿ ಪೇದೆಯವರ ಮೇಲಾಗಲಿ ನನ್ನ ದೂರಿಲ್ಲ. ಮೇಲಿನದನ್ನು ಓದಿಸಿ ಕೇಳಿದ್ದೇನೆ, ಒಂದಕ್ಷರ ಹೆಚ್ಚಿಲ್ಲ, ಬೈಗುಳಗಳು ಮಾತ್ರ ಕಡಿಮೆ ಬಿದ್ದಿವೆ. ಬಲಗೈ ಸುತ್ತಿರುವುದರಿಂದ ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಮುಂದುವರಿದ ಹೇಳಿಕೆ, ಅದೇ ದಿನ, ಸಂಜೆ ಆರೂವರೆ:

ಜೀಪಿನಲ್ಲಿ ಬೆಳಗಿನ ಪೇದೆಯವರೇ ಜೊತೆಗೆ ಬಂದರು. ಕಾಲುವೆಯ ಏರಿ ಹತ್ತಿದ ಮೇಲೆ ಮೈಕು ಕೊಟ್ಟರು. ನಾನು ಬಾಯಿ ತೆರೆದೆ. ಬಂದದ್ದು, "ಬಾರಪ್ಪಾ, ಮನೆಗೆ ಹೋಗೋಣ" ಎಂಬುದೊಂದೇ. ನೀರು ನೋಡುತ್ತಿದ್ದರೆ ಕತ್ತೆ ಎಂಬ ಎರಡಕ್ಷರವೂ ನಾಲಿಗೆಗೆ ಬರಲಿಲ್ಲ. ಪೇದೆಯವರು, "ಏನ್ ಮೇಸ್ತ್ರೀ, ಬೆಳಿಗ್ಗೆ ಮುಚ್ಚಿದ ಬಾಯಿ ಇನ್ನೂ ತೆಗೆದಿಲ್ವಾ?" ಎಂದು ಕೇಳಿ, ಹೆಗಲ ಮೇಲೆ ಕೈ ಇಟ್ಟರು.

ತೂಬು ದಾಟಿ ಇನ್ನೂರು ಅಡಿಯಲ್ಲಿ ಅವನು ಕಂಡ. ನೀರಿಗಿಳಿಯುವ ಮೆಟ್ಟಿಲಿನ ಕೊನೆಯ ಕಲ್ಲಿನ ಮೇಲೆ ನಮಗೆ ಬೆನ್ನು ಹಾಕಿ, ಮೊಣಕಾಲವರೆಗೆ ಕಾಲು ನೀರಲ್ಲಿ ಬಿಟ್ಟು ಕೂತಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೈಕು ಬಾಯಿಗೆ ಒತ್ತಿಕೊಂಡು ಪ್ರಾಣಿಗಳನ್ನು ಬಿಟ್ಟು ನೇರವಾಗಿ ವಂಶಕ್ಕೇ ಹೋದೆ. ಅವನ ಅಪ್ಪ, ಅಜ್ಜ, ಮುತ್ತಜ್ಜ, ಯಾರನ್ನೂ ಉಳಿಸಲಿಲ್ಲ.

ಅವನು ತಿರುಗಿ ನೋಡಲಿಲ್ಲ. ಕೂತಲ್ಲೇ ಎರಡೂ ಕೈ ಮೇಲೆತ್ತಿ, ಬೀರುವಿಗೆ ಭುಜ ಕೊಟ್ಟವನ ಹಾಗೆ ಬಲಭುಜದ ಪಕ್ಕಕ್ಕೆ ತಂದ. ನಾನು ಮೈಕನ್ನು ಸೀಟಿನ ಮೇಲೆ ಬಿಟ್ಟು, ಬೈಯುತ್ತಲೇ ಓಡಿ ಹೋಗಿ ಹತ್ತಿರ ನಿಂತೆ. ನನಗೆ ಉಸಿರು ಸಾಲದೆ ಮಾತು ನಿಲ್ಲುವುದರಲ್ಲಿತ್ತು. "ಭಾವಾ, ನಿಲ್ಲಿಸಬೇಡ. ಬೈತಾ ಇರು" ಎಂದ.

ಆದ್ದರಿಂದ ಕಾಲುವೆಯಿಂದ ಠಾಣೆಯವರೆಗೆ, ಜೀಪಿನ ಹಿಂದಿನ ಸೀಟಿನಲ್ಲಿ ಅವನ ಕೈ ಹಿಡಿದು ಕೂತು, ನಾನು ಒಂದು ಕ್ಷಣವೂ ಬಿಡದೆ ಬೈದಿದ್ದೇನೆ. ಮೈಕು ಆರಿಸಿರಲಿಲ್ಲವೆಂದು ಇಲ್ಲಿ ಇಳಿದ ಮೇಲೆ ಗೊತ್ತಾಯಿತು. ಆ ರಸ್ತೆಯ ಯಾರಾದರೂ ದೂರು ತಂದರೆ, ಆ ಮಾತುಗಳೆಲ್ಲ ನನ್ನವೇ, ಎಲ್ಲವೂ ಇವನೊಬ್ಬನಿಗೇ ಹೇಳಿದ್ದು, ಯಾವುದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದುಕೊಳ್ಳಬೇಕು.

ಇದೂ ನಿಜವೆಂದು ಒಪ್ಪಿ, ಠಾಣೆಯ ಮುಂದಿನ ಬೆಂಚಿನ ಮೇಲೆ, ಈ ದಿನದ ತಾರೀಖಿನಲ್ಲೇ,

ಎಡಗೈ ಹೆಬ್ಬೆಟ್ಟು: ಬೀರು ಮೇಸ್ತ್ರಿ
ಸಾಕ್ಷಿ ರುಜು: ಬಾಮೈದ