ಬಾಯ್ಲರಿನ ಕೆಳಗಿನ ನಲ್ಲಿ

ಪುರವರದಿಂದ ಮಧುಗಿರಿ ಕಡೆಗೆ ಹೊರಟರೆ, ಊರು ದಾಟಿ ಒಂದು ಮೈಲಿಗೆ ಒಂದು ಆಲದಮರ. ಮರದ ಮಗ್ಗುಲಲ್ಲಿ ಬಾವಿ. ಬಾವಿಯ ಹಿಂದೆ ಎತ್ತರದ ಕಾಂಪೌಂಡು, ಅದರೊಳಗೆ ಮೂಡಲಗಿರಿಯಪ್ಪನ ಕಡ್ಲೆಕಾಯಿ ಎಣ್ಣೆ ಮಿಲ್ಲು. ಮಿಲ್ಲು ಮುಚ್ಚಿ ಆಗಲೇ ವರ್ಷವಾಗಿತ್ತು. ಅರವತ್ತೊಂದನೇ ಇಸವಿ, ಯುಗಾದಿ ಕಳೆದ ಹೊಸದು. ರಾತ್ರಿ ಹತ್ತು ದಾಟಿದೆ... ಆ ರಸ್ತೆಯಲ್ಲಿ ನಸ್ರುಲ್ಲಾ ಒಬ್ಬನೇ ನಡೆದು ಬರುತ್ತಿದ್ದಾನೆ.

ನಸ್ರುಲ್ಲಾ ಅಂದರೆ ಸಿರಾದಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಅಹಮದ್ ಷರೀಫ್ ಸಾಹೇಬರ ಮಗ. ನಮ್ಮ ಬೀದಿಯವನೇ. ಆ ಹೊತ್ತಿನಲ್ಲಿ ಆ ಆಲದಮರದ ಕೆಳಗೆ ಹಾಯಲು ಎಂಥವರೂ ಹಿಂದೆಮುಂದೆ ನೋಡುತ್ತಿದ್ದರು. ಇವನು ನೋಡಲಿಲ್ಲ. ಹೆದರುವುದಕ್ಕೂ ಪುರುಸೊತ್ತು ಬೇಕಲ್ಲ? ಇವನಿಗೆ ಅಡಿಯಿಂದ ಮುಡಿಯವರೆಗೆ ಬರೀ ಸಿಟ್ಟು. ಕೊನೇ ಬಸ್ಸು ಹೋಗಿಯಾಗಿತ್ತು. ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಅದರ ಕೆಳಗೆ ಒಂದು ಸೈನಿನ ಜಾಗ ಖಾಲಿ ಇತ್ತು. ಆ ಒಂದು ಸೈನಿಗಾಗಿ ಮೂರು ವರ್ಷದಿಂದ ಚಪ್ಪಲಿ ಸವೆಸಿದ್ದ.

ಅವನಿಗೆ ಹಡಗಿನ ಎಂಜಿನ್ ಕೋಣೆಗೆ ಸೇರಬೇಕಿತ್ತು. ಸಮುದ್ರವನ್ನು ಕಣ್ಣಲ್ಲಿ ಕಂಡವನಲ್ಲ. ಆದರೆ ಬೆಂಕಿ ಗೊತ್ತಿತ್ತು. ಇದೇ ಮಿಲ್ಲಿನಲ್ಲಿ ಎರಡು ವರ್ಷ ಬಾಯ್ಲರಿನ ಒಲೆಗೆ ಸೌದೆ, ಕಡ್ಲೆಕಾಯಿ ಸಿಪ್ಪೆ ತುಂಬಿದ್ದ. ಸಾಮಾನಿನ ಹಡಗುಗಳಲ್ಲಿ ಬೆಂಕಿ ನೋಡಿಕೊಳ್ಳುವವರಿಗೆ ಕೆಲಸವಿದೆ ಅಂತ ಯಾರೋ ಹೇಳಿದ್ದೇ ತಡ, ಬೊಂಬಾಯಿಗೆ ರೈಲು ಹತ್ತಿದ. ಅಲ್ಲಿಯ ಕಚೇರಿಯ ಗುಮಾಸ್ತ ಎತ್ತರ ಅಳೆದ, ಕಣ್ಣಿನ ಪರೀಕ್ಷೆಗೆ ಬಣ್ಣದ ಚುಕ್ಕಿ ತೋರಿಸಿದ, ಆಮೇಲೆ ಕೇಳಿದ: ಬಾಯ್ಲರ್ ಕೆಲಸ ಮಾಡಿದ್ದಕ್ಕೆ ಕಾಗದ ಎಲ್ಲಿ? ವಾಪಸ್ ಬಂದ. ಮಿಲ್ಲಿನ ಮಾಲೀಕ ಮೂಡಲಗಿರಿಯಪ್ಪನಿಂದ ಕಾಗದ ಬರೆಸಿಕೊಂಡು ಮತ್ತೆ ಹೋದ. ಮಾಲೀಕನ ಸೈನು ಯಾರಿಗೆ ಬೇಕು, ಬಾಯ್ಲರಿನ ಸರ್ಟಿಫಿಕೇಟ್ ಇರುವ ಮೇಸ್ತ್ರಿಯ ಸೈನು ಬೇಕು ಅಂತ ಕಾಗದ ಹಿಂದಕ್ಕೆ ತಳ್ಳಿದರು. ಮತ್ತೆ ವಾಪಸ್.

ಆ ಮೇಸ್ತ್ರಿಯೇ ಸಿದ್ದಗಂಗಯ್ಯ. ಮಿಲ್ಲು ಮುಚ್ಚಿದ ಮೇಲೆ ಪುರವರದ ತನ್ನ ಮನೆಯಲ್ಲಿದ್ದ. ಒಳ್ಳೆಯ ಮನುಷ್ಯ. ಹೋದವರಿಗೆ ಊಟ ಹಾಕದೆ ಕಳಿಸುತ್ತಿರಲಿಲ್ಲ. ಸೈನು ಮಾತ್ರ ಕೇಳಬೇಡಿ.

ಅವತ್ತು ಸಂಜೆಯೂ ಅಷ್ಟೇ.

"ಮುಂದಿನ ತಿಂಗಳು ನಂಗೆ ಇಪ್ಪತ್ತೈದು ತುಂಬ್ತದೆ ಮೇಸ್ತ್ರಿ. ಆಮೇಲೆ ಬೊಂಬಾಯ್ನಾಗೆ ಬಾಗ್ಲೊಳಕ್ಕೂ ಬುಡಕಿಲ್ಲ. ಒಂದು ಸೈನು. ಒಂದೇ ಒಂದು."

"ಆಗಕಿಲ್ಲ ಕಣ್ಲಾ."

"ಒಂದ್ಸಲ ತಪ್ಪಾಯ್ತು. ಒಂದೇ ಸಲ!"

"ಬಾಯ್ಲರಿಗೆ ಒಂದ್ಸಲ ಸಾಕು. ನಡುಸಮುದ್ರದಾಗೆ ಅದು ಸಿಡುದ್ರೆ ಎಲ್ಲಿಗೆ ಓಡ್ತೀಯ? ನಿಮ್ಮಪ್ಪನ ಜೊತೆ ಕಲಾಯಿ ಹಾಕ್ಕೊಂಡಿರು. ಬದುಕಿರ್ತೀಯ."

ಆ ತಪ್ಪು ಏನು ಅಂತ ಹೇಳಿಬಿಡಬೇಕು. ಬಾಯ್ಲರಿನ ಹೊಟ್ಟೆಯಲ್ಲಿ ನೀರೆಷ್ಟಿದೆ ಅಂತ ತೋರಿಸಲು ಮುಂಭಾಗದಲ್ಲಿ ಒಂದು ಗಾಜಿನ ಕೊಳವೆ ಇರುತ್ತದೆ. ಅದನ್ನು ತೊಳೆಯಲು ಮುಚ್ಚಿದ ಕೆಳಗಿನ ತಿರುಪನ್ನು ಆಮೇಲೆ ತೆರೆಯಬೇಕು. ನಸ್ರುಲ್ಲಾ ಒಂದು ದಿನ ಮರೆತ. ಹೊಟ್ಟೆಯಲ್ಲಿ ನೀರು ಇಳಿಯುತ್ತಲೇ ಇತ್ತು, ಗಾಜಿನಲ್ಲಿ ಅರ್ಧಕ್ಕೆ ನಿಂತ ನೀರು ನಿಂತೇ ಇತ್ತು. ಇವನು ಗಾಜು ನೋಡಿಕೊಂಡು ಬೆಂಕಿ ಹೆಚ್ಚಿಸುತ್ತಾ ಹೋದ. ಅಷ್ಟರಲ್ಲಿ ಸಿದ್ದಗಂಗಯ್ಯ ಬಂದು ನೀರು ಪರೀಕ್ಷಿಸಲು ಬಾಯ್ಲರಿನ ಮೈಗೇ ಮೇಲೊಂದು ಕೆಳಗೊಂದು ಇರುವ ಪುಟ್ಟ ನಲ್ಲಿಗಳಲ್ಲಿ ಕೆಳಗಿನದನ್ನು ತಿರುಗಿಸಿದ. ನೀರಿನ ಬದಲು ಒಣ ಹಬೆಯ ಸದ್ದು ಬಂತು. ಒಲೆಯ ಬೆಂಕಿಯನ್ನೆಲ್ಲ ಹೊರಗೆಳೆದ. ಮುಂದೆ ಸೈನು ಕೇಳಲು ಹೋದಾಗ ಅದನ್ನೇ ಎತ್ತಿ ಅಂದಿದ್ದ, ನಿನಗೆ ಈ ಜನ್ಮದಲ್ಲಿ ಸೈನು ಹಾಕಲ್ಲ ಅಂತ.

ಈಗ ಆಲದಮರದ ಹತ್ತಿರ ಬರುವ ಹೊತ್ತಿಗೆ ನಸ್ರುಲ್ಲಾ ಆ ಮಾತಿಗೆ ಇಪ್ಪತ್ತು ಉತ್ತರ ಹೊಂದಿಸಿಕೊಂಡಿದ್ದ. ಒಂದನ್ನೂ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಗಾಳಿಯಿಲ್ಲ. ಎಲೆ ಅಲುಗುತ್ತಿಲ್ಲ. ಬಾವಿಯಲ್ಲಿ ಒಂದು ಹನಿ... ಟೊಳಕ್. ಸ್ವಲ್ಪ ಬಿಟ್ಟು ಇನ್ನೊಂದು... ಟೊಳಕ್.

ಆಮೇಲೆ ಬೇರೆ ಸದ್ದು.

ಖರ್ರ್... ಧಡ್. ಖರ್ರ್... ಧಡ್.

ನಿಂತ. ಎರಡು ವರ್ಷ ಕೇಳಿದ ಸದ್ದು. ಸಲಿಕೆ ನೆಲಕ್ಕೆ ಉಜ್ಜಿದರೆ ಖರ್ರ್. ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದರೆ ಧಡ್. ಅದರ ಹಿಂದೆಯೇ ಸಿಪ್ಪೆ ಹತ್ತಿಕೊಳ್ಳುವ ಚಟಚಟ. ಕಾಂಪೌಂಡಿನ ಮೇಲೆ ಕೆಂಪಗೆ ಒಂದು ಬೆಳಕು ಏಳುತ್ತಿದೆ, ಬೀಳುತ್ತಿದೆ.

ಬೇರೆಯವರಾಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಹಿಂಗೇನಾದರೂ ಕಂಡರೆ ಓದಿಕೋ ಅಂತ ತಾಯಿ ಅಮೀನಾಬಿ ಕುರಾನಿನ ಆಯತುಲ್ ಕುರ್ಸಿ ಕಲಿಸಿದ್ದರು. ಅದೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಒಂದೇ: ಮಿಲ್ಲು ಓಡುತ್ತಿದೆ! ಕದ್ದುಮುಚ್ಚಿ ರಾತ್ರಿ ಓಡಿಸುತ್ತಿದ್ದಾರೆ, ನನ್ನನ್ನು ಮಾತ್ರ ಕರೆದಿಲ್ಲ! ಗೇಟು ತಳ್ಳಿ ಒಳಗೆ ನುಗ್ಗಿದ.

ಬಾಯ್ಲರ್ ಇದ್ದಲ್ಲೇ ಇತ್ತು. ಒಲೆಬಾಯಿಯ ಸಂದಿನಲ್ಲಿ ಬೆಂಕಿ. ಸೌದೆಯ ರಾಶಿಯ ಆಚೆ ಕಂಬಳಿ ಹೊದ್ದ ಒಬ್ಬ ಕೂತಿದ್ದ. ಬೆಳಕು ಅವನ ಪಾದದವರೆಗೆ ಬಂದು ನಿಂತಿತ್ತು. ಮುಖ ಕಾಣಲಿಲ್ಲ.

"ಯಾರದು?" ನಸ್ರುಲ್ಲಾ ಕೇಳಿದ.

"ರಾತ್ರಿ ಪಾಳಿ." ಪಿಸುದನಿ... ಗಂಟಲಿನಲ್ಲಿ ಬೂದಿ ಕೂತ ಹಾಗೆ.

"ಮೇಸ್ತ್ರಿ ಮಿಲ್ಲು ಮುಚ್ಚೋಯ್ತು ಅಂದ್ರಲ್ಲ?"

"ನೀರು ನೋಡು" ಅಂತು ದನಿ.

ಗಾಜು ನೋಡಿದ. "ಅರ್ಧ ಐತೆ."

"ಗಾಜು ಅಂಗೇ ಅಂತದೆ."

ನಸ್ರುಲ್ಲಾನಿಗೆ ಸಿಟ್ಟು ನೆತ್ತಿಗೇರಿತು. ಬೊಂಬಾಯಿಯವರು ಪರೀಕ್ಷೆ ಮಾಡುತ್ತಾರೆ, ಸಿದ್ದಗಂಗಯ್ಯ ಪರೀಕ್ಷೆ ಮಾಡುತ್ತಾನೆ, ಈಗ ದಾರಿಯಲ್ಲಿ ಹೋಗುವವನಿಗೆ ಇವನೊಬ್ಬ! ಹಲ್ಲು ಕಚ್ಚಿಕೊಂಡು ಮೇಲಿನ ಪುಟ್ಟ ನಲ್ಲಿ ತಿರುಗಿಸಿದ. ಸ್ಸ್ಸ್... ಹಬೆ. ಸರಿ, ಮೇಲೆ ಹಬೆಯೇ ಇರಬೇಕು. ಬಟ್ಟೆ ಸುತ್ತಿಕೊಳ್ಳುವ ತಾಳ್ಮೆಯಿಲ್ಲದೆ ಎಡಗೈಯಿಂದಲೇ ಕೆಳಗಿನ ನಲ್ಲಿಯ ಹಿಡಿ ಹಿಡಿದ. ಕೈ ಚುರ್ ಅಂತು. ಚರ್ಮ ಸುಟ್ಟ ವಾಸನೆ ಮೂಗಿಗೇ ಬಂತು. ಆದರೂ ಬಿಡದೆ ತಿರುಗಿಸಿದ, ಕಿವಿ ಕೊಟ್ಟ.

ನೀರಿದ್ದರೆ ಅದು ಪುಳ್ ಪುಳ್ ಪುಳ್ ಅಂತ ಒದ್ದೆಯಾಗಿ ಉಗುಳಬೇಕು. ಕತ್ತಲಲ್ಲೂ ಹಳೇ ಕೆಲಸಗಾರರು ಆ ಸದ್ದಿನಿಂದಲೇ ನೀರಿನ ಮಟ್ಟ ಹೇಳುತ್ತಾರೆ. ಇಲ್ಲಿ ಒದ್ದೆಯೇ ಇಲ್ಲ. ಸ್ಸ್ಸ್ಸ್ಸ್... ಮೇಲಿನದರ ಹಾಗೆಯೇ ಒಣ ಸದ್ದು, ಸಣ್ಣಗೆ, ಚೂಪಾಗಿ. ಹೊಟ್ಟೆ ಬತ್ತಿಹೋಗಿದೆ. ಒಳಗಿನ ತಗಡು ಕೆಂಪಗೆ ಕಾದಿದೆ.

"ನೀರಿಲ್ಲ!"

"ಇಲ್ವಲ್ಲ..." ಪಿಸುದನಿ ಈಗ ಹತ್ತಿರದಲ್ಲಿ. ನೀರು ಬಿಡುವ ಚಕ್ರದ ಮೇಲೆ ಒಂದು ಕೈ ಕಂಡಿತು. "ಬುಡ್ಲಾ?"

"ಬುಡಬ್ಯಾಡ! ಕಾದ ತಗಡಿಗೆ ತಣ್ಣೀರು ಬಿದ್ರೆ ಸಿಡೀತದೆ! ಕೈ ತಗಿ!"

ಕಿರುಚಿಕೊಂಡೇ ಉದ್ದನೆಯ ಕೊಕ್ಕೆ ಎಳೆದುಕೊಂಡು ಒಲೆಬಾಯಿ ತೆರೆದ. ಕೆಂಡವನ್ನೆಲ್ಲ ಹೊರಕ್ಕೆ ಸೆಳೆದ. ಎಷ್ಟು ಹೊತ್ತು ಸೆಳೆದನೋ. ಹಬೆಯ ಸದ್ದು ಕುಗ್ಗಿತು... ಇನ್ನೂ ಕುಗ್ಗಿತು... ನಿಂತಿತು. ಕೆಂಡ ಒಂದೊಂದಾಗಿ ಕಪ್ಪಾಯಿತು. ಕತ್ತಲು.

ಆ ಕತ್ತಲಲ್ಲಿ ದನಿ ಬಂತು, ಕಿವಿಯ ಪಕ್ಕದಲ್ಲೇ.

"ನಾನೂ ಇಂಗೇ ಕೂಗ್ದೆ... ಗಂಗಂಗೆ ಕೇಳಿಸ್ಲಿಲ್ಲ."

"ಯಾವ ಗಂಗ?"

ಇನ್ನೊಂದು ಸಲ ಕೇಳಿದ. ಬಾವಿಯಲ್ಲಿ ಹನಿ ಬಿತ್ತು... ಟೊಳಕ್. ಅಷ್ಟೇ.

ನಸ್ರುಲ್ಲಾ ಗೋಡೆ ತಡಕಿಕೊಂಡು ಹೊರಬಿದ್ದ. ಮಧುಗಿರಿಗಲ್ಲ, ನೆಟ್ಟಗೆ ಪುರವರಕ್ಕೆ ತಿರುಗಿ ನಡೆದ. ಸಿದ್ದಗಂಗಯ್ಯನ ಬಾಗಿಲು ದಬದಬ ಬಡಿದ. ಅವನ ಹೆಂಡತಿ ಅಶ್ವತ್ಥಮ್ಮ ಲಾಟೀನು ಹಿಡಿದು ಬಾಗಿಲು ತೆರೆದವಳು ಇವನ ಮೈತುಂಬಾ ಮಸಿ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

"ನಿಮ್ಮ ಬಾಯ್ಲರು ಉಳುಸ್ಬಂದಿವ್ನಿ!" ಒಳಗೆ ಎದ್ದು ಕೂತ ಮೇಸ್ತ್ರಿಗೆ ಕೇಳುವ ಹಾಗೆ ಕೂಗಿದ. "ಆ ರಾತ್ರಿ ಪಾಳಿಯೋನಿಗೆ ಏನೂ ಗೊತ್ತಿಲ್ಲ. ನೀರು ಬತ್ತಿ ಒಣಗೋಗಿತ್ತು. ಅಂಥೋನ್ನ ಕೆಲ್ಸಕ್ಕೆ ಇಟ್ಕತೀರ, ನಂಗೆ ಸೈನು ಹಾಕಕಿಲ್ಲ ಅಂತೀರ. ಇದ್ಯಾವ ನ್ಯಾಯ ಮೇಸ್ತ್ರಿ?"

ಸಿದ್ದಗಂಗಯ್ಯ ಕಣ್ಣುಜ್ಜಿಕೊಂಡ. "ಎಲ್ಲೈತ್ಲಾ ಬಾಯ್ಲರು? ಯುಗಾದಿಗೆ ಮುಂಚೆ ಕತ್ತರಿಸಿ ಗುಜರಿಯೋರು ಲಾರಿಗೆ ಹಾಕ್ಕೊಂಡು ಹೋದ್ರಲ್ಲ."

"ನಾನೀಗ ಬೆಂಕಿ ಎಳ್ದು ಬಂದೆ ಅಂದ್ರೆ!"

"ಯಾರಿದ್ರು ಅಲ್ಲಿ?"

"ಮುಖ ಕಾಣ್ಲಿಲ್ಲ. ನೀರು ಬುಡ್ಲಾ ಅಂದ, ಬುಡಬ್ಯಾಡ ಅಂತ ಕೂಗ್ದೆ. ನಾನೂ ಇಂಗೇ ಕೂಗ್ದೆ, ಗಂಗಂಗೆ ಕೇಳಿಸ್ಲಿಲ್ಲ ಅಂದ. ಯಾವನೋ ಗಂಗ."

ಸಿದ್ದಗಂಗಯ್ಯ ಲಾಟೀನು ಇಸಿದುಕೊಂಡು ಎತ್ತಿ ನಸ್ರುಲ್ಲಾನ ಎಡಗೈ ನೋಡಿದ. ಅಂಗೈ ನಡುವೆ ಹೆಬ್ಬೆರಳಷ್ಟು ಅಗಲಕ್ಕೆ ಬೊಬ್ಬೆ ಎದ್ದು ಒಡೆದಿತ್ತು. ಮೇಸ್ತ್ರಿ ಲಾಟೀನು ಹೆಂಡತಿಯ ಕೈಗೆ ಕೊಟ್ಟು ಕೂತುಬಿಟ್ಟ.

"ನನ್ನ ಗಂಗ ಅಂತಿದ್ದೋನು ಒಬ್ನೇ ಕಣ್ಲಾ" ಅಂದ. "ಬೋರಯ್ಯ. ನನಗೆ ಕೆಲ್ಸ ಕಲಿಸ್ದೋನು."

ಆಮೇಲೆ ಹೇಳಿದ. ಹೆಂಡತಿಗೂ ಹೇಳದೆ ಇಪ್ಪತ್ತಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಮೂವತ್ತೆಂಟರಲ್ಲಿ ಮಿಲ್ಲಿನ ಮೊದಲನೇ ಬಾಯ್ಲರು ಸಿಡಿದು ಬೋರಯ್ಯ ಸತ್ತ. ಬಾಯ್ಲರು ಹಳೆಯದು, ಅದಕ್ಕೇ ಸಿಡೀತು ಅಂತ ಊರೆಲ್ಲ ಅಂದುಕೊಂಡಿತು. ಅವತ್ತು ಗಾಜು ತೊಳೆದು ಕೆಳಗಿನ ತಿರುಪು ತೆರೆಯದೆ ಬಿಟ್ಟವನು ಸಿದ್ದಗಂಗಯ್ಯ. ನೀರು ಬತ್ತಿದ್ದು ಗೊತ್ತಾದಾಗ ಗಾಬರಿಯಲ್ಲಿ ತಣ್ಣೀರು ಬಿಟ್ಟವನೂ ಅವನೇ. ಬೋರಯ್ಯ ಅವನ ಕಡೆ ತಿರುಗಿ ಬಾಯಿ ತೆರೆದಿದ್ದನ್ನು ಕಂಡಿದ್ದ. ಬೈದನೋ, ಶಾಪ ಹಾಕಿದನೋ ಗೊತ್ತಿರಲಿಲ್ಲ. ಹಬೆಯ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ.

"ಅಂಗಾರೆ ಅವ್ನು ಬೈದಿದ್ದಲ್ವಾ?" ಅಂತ ನಸ್ರುಲ್ಲಾನನ್ನೇ ಕೇಳಿದ. ಅರವತ್ತು ವರ್ಷದ ಮನುಷ್ಯ ಹಾಗೆ ಅತ್ತಿದ್ದನ್ನು ನಸ್ರುಲ್ಲಾ ಎಲ್ಲೂ ನೋಡಿರಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸುಟ್ಟ ಕೈ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತ. "ಬೈದಿಲ್ಲ ಮೇಸ್ತ್ರಿ. ಬುಡಬ್ಯಾಡ ಅಂತ ಕೂಗಿದ್ದು, ಅಷ್ಟೆ" ಅಂದ.

ಬೆಳಗಾದಮೇಲೆ ಮೂವರೂ ಮಿಲ್ಲಿಗೆ ಹೋಗಿ ನೋಡಿದರು. ಬಾಯ್ಲರ್ ಇದ್ದ ಜಾಗದಲ್ಲಿ ಬರೀ ಇಟ್ಟಿಗೆಯ ಹಳ್ಳ. ಹಳ್ಳದ ತುಂಬಾ ಒಣ ಎಲೆ. ಕೆಂಡವಿಲ್ಲ, ಬೂದಿಯಿಲ್ಲ, ಕೊಕ್ಕೆಯಿಲ್ಲ. ಸಿದ್ದಗಂಗಯ್ಯ ಆ ಹಳ್ಳದ ದಂಡೆಯ ಮೇಲೆ ಕೂತು, ತೊಡೆಯ ಮೇಲೆ ಕಾಗದ ಬಿಡಿಸಿಟ್ಟುಕೊಂಡು, ಅಕ್ಷರ ಅಕ್ಷರವಾಗಿ ಸೈನು ಹಾಕಿದ.

ಇನ್ನೊಂದು ತಮಾಷೆ ಕೇಳಿ. ಬೊಂಬಾಯಿಯಲ್ಲಿ ಆ ಗುಮಾಸ್ತ ಕಾಗದ ಓದಲೇ ಇಲ್ಲ! ಮೂರು ವರ್ಷ ಅಲೆಸಿದ ಕಾಗದವನ್ನು ತಿರುಗಿಸಿಯೂ ನೋಡದೆ ಫೈಲಿಗೆ ಗುಂಡುಸೂಜಿ ಚುಚ್ಚಿದ. ಡಾಕ್ಟರ ಹತ್ತಿರ ಕಳಿಸಿದರು. ಹಡಗಿನವರಿಗೆ ಕೊಡುವ ಪುಸ್ತಕದಲ್ಲಿ ಮೈಮೇಲಿನ ಗುರುತು ಬರೆಯಬೇಕು. ಡಾಕ್ಟರು ಎಡ ಅಂಗೈ ಹಿಡಿದು, ಬೆಳಕಿಗೆ ತಿರುಗಿಸಿ, ಬೆರಳಿನಿಂದ ಒತ್ತಿ ನೋಡಿದರು.

"ಚಿಕ್ಕಂದಿನಲ್ಲಿ ಸುಟ್ಟಿದ್ದಾ?" ಹಿಂದೂಸ್ತಾನಿಯಲ್ಲಿ ಕೇಳಿದರು.

"ಇಲ್ಲ ಸಾಹೇಬ್. ಮೊನ್ನೆ. ಇನ್ನೂ ಇಪ್ಪತ್ತು ದಿನ ಆಗಿಲ್ಲ."

"ಸುಳ್ಳು ಹೇಳಬೇಡ. ಎಷ್ಟು ಸುಟ್ಟ ಗಾಯ ನೋಡಿದ್ದೇನೆ ನಾನು. ಇದು ಇಪ್ಪತ್ತು ವರ್ಷದ ಹಿಂದಿನದು."

ನಸ್ರುಲ್ಲಾ ಅಲ್ಲಾನ ಆಣೆ ಇಟ್ಟು ಹೇಳಿದ. ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು. ಡಾಕ್ಟರು ಬರೆದುಕೊಂಡು ಮುಂದಿನವನನ್ನು ಕರೆದರು.

ಹೆತ್ತ ತಾಯಿ ಅಮೀನಾಬಿಯನ್ನು ಕೇಳಿದವರಿದ್ದಾರೆ. ಆ ರಾತ್ರಿಗೆ ಮುಂಚೆ ಹುಡುಗನ ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ ಅಂದರು. ನಂಬದವರು ಸಿರಾಕ್ಕೆ ಹೋಗಿ ನೋಡಿ, ಪುಸ್ತಕ ಅವರ ಮನೆಯ ಟ್ರಂಕಿನಲ್ಲೇ ಇದೆ. ಎರಡನೇ ಹಾಳೆಯಲ್ಲಿ, ಸರ್ಕಾರದ ಮೊಹರಿನ ಕೆಳಗೆ, ನೀಲಿ ಶಾಯಿಯಲ್ಲಿ ಬರೆದಿದೆ: ಎಡ ಅಂಗೈ, ಹಳೆಯ ಸುಟ್ಟ ಕಲೆ.